ಶಾಲೆಯ ಚಿಕ್ಕ ಟೆಲಿಸ್ಕೋಪಿನಲ್ಲಿ ತಿಂಗಳು ತಿಂಗಳು ಏನು ನೋಡಿಸಬಹುದು?

ಯಾದಗಿರಿ_ಮೇಷ್ಟ್ರು:
ಯಾದಗಿರಿ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯಲ್ಲಿ 70 ಮಿ.ಮೀ. ಟೆಲಿಸ್ಕೋಪ್ ಇದೆ. 2023ರ ಮಾರ್ಚ್ 24ರ ಸಂಜೆ ಚಂದ್ರನ ಪಕ್ಕದಲ್ಲೇ ಶುಕ್ರ ಹೊಳೆಯಿತಲ್ವಾ, ಅವತ್ತು ಮಕ್ಕಳ ಜೊತೆ ಅರ್ಧ ಊರೇ ಬಂದಿತ್ತು. ಆಮೇಲೆ ಟೆಲಿಸ್ಕೋಪ್ ಕಪಾಟಿನಲ್ಲೇ ಇದೆ, ಗ್ರಹಣ ಬಂದರೆ ಮಾತ್ರ ಹೊರಗೆ ಬರುತ್ತದೆ. ಚಂದ್ರ ನಕ್ಷತ್ರಗಳನ್ನು ಮರೆ ಮಾಡುವ ಆಕಲ್ಟೇಶನ್ ಆಗಾಗ ನಡೆಯುತ್ತದೆ ಅಂತ ಓದಿದೆ. ಅದನ್ನು ನಾವು ನೋಡಬಹುದಾ? ಸುಮ್ನೆ ನೋಡೋದಷ್ಟೇನಾ, ಏನಾದರೂ ಉಪಯೋಗ ಇದೆಯಾ?

ಕಲಬುರಗಿ_ಮಾಳಿಗೆ:
ಮೇಷ್ಟ್ರೇ, 70 ಮಿ.ಮೀ. ಧಾರಾಳ ಸಾಕು. ನಾನು ಕಲಬುರಗಿಯಲ್ಲಿ ನಮ್ಮ ಮನೆ ಮಾಳಿಗೆಯಿಂದಲೇ ನೋಡುತ್ತೇನೆ, ಸುತ್ತ ಬೀದಿ ದೀಪ ಇದ್ದರೂ.

ಅಮಾವಾಸ್ಯೆ ಕಳೆದು ಪಂಚಮಿಯಿಂದ ದಶಮಿವರೆಗಿನ ಸಂಜೆಗಳನ್ನು ಹಿಡಿಯಿರಿ. ಚಂದ್ರ ನಕ್ಷತ್ರಗಳ ನಡುವೆ ಪೂರ್ವದ ಕಡೆಗೆ ಸರಿಯುತ್ತಾನೆ, ಗಂಟೆಗೆ ಸುಮಾರು ತನ್ನ ಅಗಲದಷ್ಟು. ಶುಕ್ಲ ಪಕ್ಷದಲ್ಲಿ ಮುಂದೆ ಇರೋದು ಅವನ ಕತ್ತಲೆ ಅಂಚು. ಹಾಗಾಗಿ ನಕ್ಷತ್ರ ಆ ಕತ್ತಲೆ ಅಂಚಿನ ಹಿಂದೆ ಹೋಗುತ್ತದೆ. ಮಕ್ಕಳಿಗೆ ಮೊದಲೇ ಹೇಳಿ, ಅದು ಮೆಲ್ಲಗೆ ಮಂಕಾಗೋದಿಲ್ಲ. ಇರುತ್ತದೆ, ಇರುತ್ತದೆ, ತಟ್ಟನೆ ಇಲ್ಲ. ಚಂದ್ರನಿಗೆ ಗಾಳಿಯ ಹೊದಿಕೆ ಇಲ್ಲ ಅನ್ನೋದನ್ನು ಪಾಠದಲ್ಲಿ ಹೇಳುತ್ತೀರಿ. ಇಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಮೊದಲ ಸಲ ನೋಡಿದವರು "ಎಲ್ಲಿ ಹೋಯ್ತು!" ಅಂತ ಕೂಗದೇ ಇರಲ್ಲ. ಹುಣ್ಣಿಮೆ ಆದ ಮೇಲೆ ಇದು ತಿರುಗಾ ಮುರುಗಾ. ಆಗ ನಕ್ಷತ್ರ ಕತ್ತಲೆ ಅಂಚಿನಿಂದ ಹೊರಬರುತ್ತದೆ. ಆದರೆ ತಡ ರಾತ್ರಿ ಆಗುತ್ತದೆ, ಮಕ್ಕಳಿಗೆ ಬೇಡ.

ಚಂದ್ರನ ದಾರಿಯಲ್ಲಿ ತುಂಬಾ ಪ್ರಕಾಶದ ನಕ್ಷತ್ರ ನಾಲ್ಕೇ: ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ. ನಮ್ಮ ಕಡೆ ರೋಹಿಣಿ ಮಳೆ, ಮಘಿ ಮಳೆ, ಚಿತ್ತಿ ಮಳೆ ಅನ್ನದ ರೈತರೇ ಇಲ್ಲ. ಆದರೆ ಆ ನಕ್ಷತ್ರ ತೋರಿಸಿ ಅಂದರೆ ತೋರಿಸುವವರು ಕಡಿಮೆ. ನನಗೆ ಇದೇ ಬೇಜಾರು. ಆದರೆ ಇವುಗಳಿಗಾಗಿ ಕಾಯಬೇಡಿ. ಚಂದ್ರನ ದಾರಿ 18.6 ವರ್ಷದ ಚಕ್ರದಲ್ಲಿ ಅತ್ತಿತ್ತ ಸರಿಯುತ್ತದೆ. ಹಾಗಾಗಿ ಅವನು ಒಂದು ನಕ್ಷತ್ರವನ್ನು ಕೆಲವು ವರ್ಷ ಸಾಲಾಗಿ ಮರೆ ಮಾಡುತ್ತಾನೆ, ಆಮೇಲೆ ವರ್ಷಗಟ್ಟಲೆ ಇಲ್ಲ. 2018ರಲ್ಲಿ ಮುಗಿದ ರೋಹಿಣಿಯ ಸರದಿ ಮತ್ತೆ ಬರೋದು 2033ಕ್ಕೆ. ಅಲ್ಲಿಯವರೆಗೆ ಕಪಾಟಿನಲ್ಲಿ ಇಡ್ತೀರಾ? ಕೃತ್ತಿಕೆಯ ಸರದಿ 2029ರವರೆಗೆ ಇದೆ. ಅದಕ್ಕಿಂತ ಮುಖ್ಯವಾಗಿ, ಚಿಕ್ಕ ನಕ್ಷತ್ರಗಳು ಮರೆಯಾಗೋದು ಪ್ರತಿ ತಿಂಗಳೂ ಸಿಗುತ್ತದೆ. ಹೆಸರಿಲ್ಲದ ನಕ್ಷತ್ರವೇ ಇರಲಿ, ತಟ್ಟನೆ ಮಾಯವಾಗುವ ಕ್ಷಣ ಅಷ್ಟೇ ಚೆನ್ನಾಗಿರುತ್ತದೆ.

ಯಾವ ನಕ್ಷತ್ರ ಯಾವಾಗ ಮರೆಯಾಗುತ್ತದೆ ಅಂತ ಸ್ಟೆಲೇರಿಯಂನಲ್ಲಿ ನೋಡಿ. ಅದು ಆಕಾಶ ತೋರಿಸುವ ಕಂಪ್ಯೂಟರ್ ತಂತ್ರಾಂಶ, ಉಚಿತ. ಊರು ಯಾದಗಿರಿ ಅಂತಲೇ ಹಾಕಿ, ಬೆಂಗಳೂರು ಬೇಡ. ಚಂದ್ರ ಹತ್ತಿರ ಇರೋದರಿಂದ ಅಲ್ಲಿಗೂ ಇಲ್ಲಿಗೂ ಅವನು ಕಾಣುವ ಜಾಗ ಸ್ವಲ್ಪ ಬೇರೆ. ಹೊತ್ತು ನಿಮಿಷಗಟ್ಟಲೆ ವ್ಯತ್ಯಾಸ ಆಗಬಹುದು. ಒಮ್ಮೊಮ್ಮೆ ಅಲ್ಲಿ ಮರೆಯಾದ ನಕ್ಷತ್ರ ಇಲ್ಲಿ ಅಂಚಿಗೆ ತಾಗದೆ ಹೋಗುತ್ತದೆ.

ಇನ್ನೊಂದು, ಬಿಸಿಲು ಕಾಲದಲ್ಲಿ ಶಹಾಬಾದ್ ಕಲ್ಲು ಹಾಸಿದ ಮಾಳಿಗೆ ಮೇಲೆ ಟೆಲಿಸ್ಕೋಪ್ ಇಡಬೇಡಿ. ಕಲ್ಲು ರಾತ್ರಿ ಊಟದ ಹೊತ್ತಿಗೂ ಬಿಸಿ ಉಗುಳುತ್ತಿರುತ್ತದೆ, ಚಂದ್ರನ ಅಂಚು ಕುದಿಯುವ ನೀರಿನಂತೆ ಅಲುಗುತ್ತದೆ. ಶಾಲೆಯ ಮಣ್ಣಿನ ಅಂಗಳ ಎಷ್ಟೋ ಮೇಲು. ಮಳೆಗಾಲ ಮುಗಿದು ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಆಕಾಶ ಬಂಗಾರ.

ಬೀದರ್_ದುರ್ಬೀನು:
ಉಪಯೋಗದ ಬಗ್ಗೆ ನಾನು ಹೇಳುತ್ತೇನೆ. ಚಂದ್ರ ಸೆಕೆಂಡಿಗೆ ಸುಮಾರು 1 ಕಿ.ಮೀ. ಓಡುತ್ತಾನೆ. ಹಾಗಾಗಿ ಮರೆಯಾದ ಹೊತ್ತನ್ನು ಸರಿಯಾಗಿ ಬರೆದಿಟ್ಟರೆ, ಆ ಕ್ಷಣ ಚಂದ್ರನ ಅಂಚು ಎಲ್ಲಿತ್ತು ಅನ್ನೋದರ ನಿಜವಾದ ಅಳತೆ ಅದು. ಈ ಲೆಕ್ಕಗಳನ್ನು ಸಂಗ್ರಹಿಸೋಕೆ ಐಓಟಿಎ ಅನ್ನುವ ಅಂತರರಾಷ್ಟ್ರೀಯ ಸಂಘವೇ ಇದೆ, ಅದರಲ್ಲಿ ಹವ್ಯಾಸಿಗಳೇ ಜಾಸ್ತಿ. ಜೋಡಿ ನಕ್ಷತ್ರವಾದರೆ ಬೆಳಕು ಎರಡು ಹಂತದಲ್ಲಿ ಆರುತ್ತದೆ. ಜ್ಯೇಷ್ಠಾಕ್ಕೆ ಒಂದು ಮಂಕು ಜೊತೆಗಾರ ಇದೆ ಅಂತ ತಿಳಿದದ್ದೇ ಹೀಗೆ. 1819ರಲ್ಲಿ ವಿಯೆನ್ನಾದಲ್ಲಿ ಬುರ್ಗ್ ಅನ್ನುವವರು ಅದು ಚಂದ್ರನ ಹಿಂದಿನಿಂದ ಬರೋದನ್ನು ನೋಡುತ್ತಿದ್ದರು. ಮೊದಲು ಚಿಕ್ಕದು ಕಂಡಿತು, ಕೆಲವು ಸೆಕೆಂಡ್ ಬಿಟ್ಟು ದೊಡ್ಡದು.

ಐಪೀಸಿಗೆ, ಅಂದರೆ ಟೆಲಿಸ್ಕೋಪಿನಲ್ಲಿ ಕಣ್ಣಿಡುವ ಮಸೂರಕ್ಕೆ, ಫೋನ್ ಕಟ್ಟಿ ವಿಡಿಯೊ ಮಾಡಿ. ಸೆಕೆಂಡಿಗೆ 30 ಚಿತ್ರ ಬಂದರೆ ಕಣ್ಣು-ಕೈಗಿಂತ ಎಷ್ಟೋ ನಿಖರ. ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ಜಿಪಿಎಸ್ ಗಡಿಯಾರ (ಉಪಗ್ರಹದಿಂದ ನಿಖರ ಹೊತ್ತು ಪಡೆಯುವುದು) ಇಟ್ಟು ಒಬ್ಬರು ಸೆಕೆಂಡು ಎಣಿಸುತ್ತಿರಲಿ, ಆ ದನಿಯೂ ವಿಡಿಯೊದಲ್ಲಿ ದಾಖಲಾಗುತ್ತದೆ.

ಯಾದಗಿರಿ_ಮೇಷ್ಟ್ರು:
ಇಬ್ಬರಿಗೂ ಧನ್ಯವಾದ. ಹೆಣ್ಣುಮಕ್ಕಳನ್ನು ರಾತ್ರಿ ಕಳಿಸೋಕೆ ಮನೆಯವರು ಒಪ್ಪಬೇಕು. ಎಷ್ಟು ಹೊತ್ತು ಬೇಕಾಗಬಹುದು? ಮೋಡ ಬಂದರೆ ಏನು ಮಾಡೋದು?

ಕಲಬುರಗಿ_ಮಾಳಿಗೆ:
ಏಳರಿಂದ ಎಂಟರೊಳಗೆ ಆಗೋದನ್ನು ಮಾತ್ರ ಆರಿಸಿ, ಮನೆಯವರನ್ನೂ ಕರೆಯಿರಿ. ಒಂದು ಗಂಟೆ ಮೊದಲೇ ಚಂದ್ರ ಮತ್ತು ನಕ್ಷತ್ರದ ನಡುವೆ ಎಷ್ಟು ಅಂತರ ಇದೆ ಅಂತ ಮಕ್ಕಳು ಚಿತ್ರ ಬರೆಯಲಿ, ಅರ್ಧ ಗಂಟೆಗೆ ಮತ್ತೊಮ್ಮೆ. ಮರೆಯಾಗುವ ಹೊತ್ತನ್ನು ಅವರೇ ಊಹಿಸಲಿ. ಮೋಡ ಬಂದ ದಿನವೂ ಪುಸ್ತಕದಲ್ಲಿ ದಿನಾಂಕ ಹಾಕಿ "ಮೋಡ" ಅಂತ ಬರೆಸಿ, ಪುಟ ಖಾಲಿ ಬಿಡಬೇಡಿ. ಕಲಬುರಗಿಗೆ ಪ್ರವಾಸ ಬಂದರೆ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಖಂಡಿತ ಕರೆದುಕೊಂಡು ಬನ್ನಿ. ಮೊದಲ ವಿಡಿಯೊ ಇಲ್ಲೇ ಹಾಕಿ, ಹೊತ್ತನ್ನು ಒಟ್ಟಿಗೆ ಅಳೆಯೋಣ.