ಯಾರ ಮಂಡಿಗೆ ಯಾವ ಬ್ರಾಂಚು

“ಅಯ್ಯೋ ಮಾಮ, ಎಣ್ಣೆ!” ಎಂದು ಪ್ರಜ್ವಲ್ ಕೂಗಿಕೊಂಡ. ತಿಪ್ಪೇಸ್ವಾಮಿಯ ಕೈಯಲ್ಲಿದ್ದ ಮಿರ್ಚಿ ಅಷ್ಟರಲ್ಲಿ ಲ್ಯಾಪ್‌ಟಾಪಿನ ಮೇಲೆ ಒಂದು ಹನಿ ಇಳಿಸಿ ಆಗಿತ್ತು.

“ಯಾವುದರ ಮೇಲೆ ಬಿತ್ತು ನೋಡು, ಅದನ್ನೇ ಹಾಕು” ಎಂದ ರುದ್ರಣ್ಣ. “ದೇವರು ಬಲಗಡೆ ಹೂ ಕೊಟ್ಟಂಗೆ.”

“ಅನಾಟಮಿ ಮೇಲೆ ಬಿದ್ದಿದೆ. ಅದಕ್ಕೆ ಪೇಷೆಂಟೇ ಬರಲ್ಲ.”

“ಬರ್ತಾರೆ. ಸತ್ತ ಮೇಲೆ ಬರ್ತಾರೆ.”

ಎಂ.ಬಿ.ಬಿ.ಎಸ್. ಮುಗಿಸಿದ ಹುಡುಗ ನಾಡಿದ್ದು ರಾತ್ರಿಯೊಳಗೆ ಪಿ.ಜಿ. ಸೀಟಿಗೆ ಆಪ್ಷನ್ ಎಂಟ್ರಿ ಮಾಡಬೇಕು. ಯಾವ ಕಾಲೇಜು, ಯಾವ ಬ್ರಾಂಚು, ಯಾವುದು ಮೇಲೆ, ಯಾವುದು ಕೆಳಗೆ. ಹಾಲೇಶ ಮಗನನ್ನು ಸೀದಾ ಮಂಡಕ್ಕಿ ಅಂಗಡಿಗೆ ಕರೆದುಕೊಂಡು ಬಂದಿದ್ದ. ದಾವಣಗೆರೆಯಲ್ಲಿ ದೊಡ್ಡ ನಿರ್ಧಾರಗಳೆಲ್ಲ ಆಗುವುದು ಇಲ್ಲೇ ಅಲ್ವಾ.

ಎಕ್ಸೆಲ್ ಶೀಟಿನಲ್ಲಿ 212 ಸಾಲು. ಹಸಿರು ಬಳಿದದ್ದು ಸಿಗುತ್ತದೆ, ಹಳದಿಯದು ಸಿಗಬಹುದು, ಕೆಂಪು ಸುಮ್ನೆ ಆಸೆಗೆ.

“ಯೂಟ್ಯೂಬಲ್ಲಿ ಒಬ್ಬರು ಸರ್ ಹೇಳ್ತಾರೆ, ಲೈಫ್‌ಸ್ಟೈಲ್ ಬ್ರಾಂಚ್ ಮೊದಲು ಹಾಕಬೇಕಂತೆ” ಎಂದ ಪ್ರಜ್ವಲ್.

“ಹಂಗಂದ್ರೆ?”

“ಚರ್ಮದ ಡರ್ಮಟಾಲಜಿ, ಸ್ಕ್ಯಾನಿನ ರೇಡಿಯಾಲಜಿ. ನೈಟ್ ಡ್ಯೂಟಿ ಇಲ್ಲ, ಎಮರ್ಜೆನ್ಸಿ ಇಲ್ಲ, ಪೇಷೆಂಟ್ ಕಡೆಯವರ ಗಲಾಟೆ ಇಲ್ಲ.”

“ಅಷ್ಟೇ ಬೇಕಾಗಿದ್ರೆ ನಿಮ್ಮಪ್ಪನ ಥರ ಬ್ಯಾಂಕ್ ಸೇರಬಹುದಿತ್ತಲ್ಲೋ. ಎರಡನೇ ಶನಿವಾರನೂ ಸಿಕ್ತಿತ್ತು.”

ಹಾಲೇಶ ಅಗಿಯುವುದನ್ನು ನಿಲ್ಲಿಸಿದ.

“ಅಲ್ಲಯ್ಯಾ, ಹೈವೇಲಿ ಲಾರಿಗೆ ಗುದ್ದಿದವನ ಸ್ಕ್ಯಾನು ರಾತ್ರಿ ಎರಡು ಗಂಟೆಗೆ ನೋಡೋರು ಯಾರು? ವಾಚ್‌ಮನ್ನಾ?” ರುದ್ರಣ್ಣ ಬಿಡುವ ಹಾಗೆ ಕಾಣಲಿಲ್ಲ. “1965ರಲ್ಲೇ ಮೆಡಿಕಲ್ ಕಾಲೇಜು ಬಂದ ಊರಿದು. ಬೆಣ್ಣೆ ದೋಸೆ ಹೋಟೆಲಿಗಿಂತ ಡಾಕ್ಟರ ಬೋರ್ಡು ಜಾಸ್ತಿ. ಎಲ್ಲರಿಗೂ ಲೈಫ್‌ಸ್ಟೈಲ್ ಬಂದುಬಿಟ್ರೆ ನಡುರಾತ್ರಿ ಜ್ವರ ಬಂದವನಿಗೆ ಎದ್ದಿರೋದು ಗೂಗಲ್ ಒಂದೇ.”

“ನನ್ನ ಕೇಳಿದ್ರೆ ಆರ್ಥೋ ಒಳ್ಳೇದು” ಎಂದ ತಿಪ್ಪೇಸ್ವಾಮಿ, ಎಡ ಮಂಡಿ ನೀವಿಕೊಳ್ಳುತ್ತಾ.

“ಕಣ್ಣು ಹಾಕಪ್ಪ. ಮುಂದೆ ಭಾಳ ಬೇಡಿಕೆ ಬರುತ್ತೆ” ಎಂದರು ಮೇಷ್ಟ್ರು. ಅವರ ಬಲಗಣ್ಣಿಗೆ ಪೊರೆ ಬಂದು ವರ್ಷವಾಯಿತು.

“ಜನರಲ್ ಮೆಡಿಸಿನ್ ಇರಲಿ, ಶುಗರ್‌ಗೆ ಆಗುತ್ತೆ” ಎಂದ ಹಾಲೇಶ. ಹೆತ್ತ ಅಪ್ಪ!

ಬಾಣಲೆ ಮುಂದೆ ಕೂತಿದ್ದ ಗಂಗಕ್ಕನೂ ಜಾಲರಿ ಎತ್ತಿ ಹಿಡಿದು, “ಹಲ್ಲಿಂದು ಓದಪ್ಪ” ಎಂದಳು.

“ಹಲ್ಲಿನವರ ಕಾಲೇಜೇ ಬೇರೆ ಅಕ್ಕ, ಬಿ.ಡಿ.ಎಸ್.”

“ಅದ್ಯಾಕೆ? ಹಲ್ಲೂ ಮೈಯಾಗೇ ಅಲ್ಲೇನು ಇರೋದು?”

ರುದ್ರಣ್ಣ ಕೈ ಎತ್ತಿದ. “ತಮ್ಮಾ, ಇವರ್ಯಾರೂ ನಿನಗೆ ಬ್ರಾಂಚ್ ಹೇಳ್ತಿಲ್ಲ. ತಂತಮ್ಮ ಕಾಯಿಲೆ ಹೇಳ್ಕೊಳ್ತಿದ್ದಾರೆ. ಫೀಸು ಕೊಡದೆ.”

ನಾನು ಬಾಯಿ ಬಿಡಲಿಲ್ಲ. ನನ್ನದು ನಾಲ್ಕು ಜನರ ಮುಂದೆ ಹೇಳುವಂಥ ಕಾಯಿಲೆಯಲ್ಲ. ಆದರೂ “ಸರ್ಜರಿ ಹೆಂಗೆ?” ಎಂದು ಮೆಲ್ಲಗೆ ಕೇಳಿದೆ. ರುದ್ರಣ್ಣ ನಾನು ಕೂತಿದ್ದ ಮೆತ್ತೆಯನ್ನು ನೋಡಿ ನಕ್ಕ.

ಮೇಷ್ಟ್ರಿಗೆ ಮಾತು ಅಮೆರಿಕಕ್ಕೆ ತಿರುಗಿಸುವ ಚಟ. ಅವರ ತಮ್ಮನ ಮಗಳು ಅಲ್ಲಿ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಪಿ.ಜಿ.ಗೆ, ಅರ್ಜಿ ಹಾಕಿದ್ದಾಳೆ. ಅಲ್ಲಿ ಆಸ್ಪತ್ರೆಯವರು ಹುಡುಗಿಯನ್ನು ಕರೆದು ಮಾತಾಡಿಸುತ್ತಾರೆ. ಆಮೇಲೆ ಅವಳೊಂದು ಪಟ್ಟಿ ಕೊಡುತ್ತಾಳೆ, ಅವರೊಂದು ಪಟ್ಟಿ ಕೊಡುತ್ತಾರೆ. ಕಂಪ್ಯೂಟರು ಎರಡನ್ನೂ ತಾಳೆ ಹಾಕಿ ಮಾರ್ಚ್‌ನಲ್ಲಿ ಜೋಡಿ ಹೇಳುತ್ತದೆ.

“ಇಂಥ ಲೆಕ್ಕವನ್ನ 1962ರಲ್ಲಿ ಗೇಲ್, ಶಾಪ್ಲಿ ಅಂತ ಇಬ್ಬರು ಬರೆದರು. ಕಾಲೇಜು ಸೀಟಿಗೂ ಮದುವೆಗೂ ಒಂದೇ ಲೆಕ್ಕ! ಆ ಶಾಪ್ಲಿಗೂ ರಾತ್ ಅನ್ನೋರಿಗೂ 2012ರಲ್ಲಿ ನೊಬೆಲ್ ಬಂತು.”

“ಗಂಡು ಹೆಣ್ಣು ಜೋಡಿ ಮಾಡೋದಕ್ಕೆ ನೊಬೆಲ್ಲಾ? ನಾವು ನಮ್ಮ ಬ್ರೋಕರ್‌ಗೆ ಒಂದು ಪಂಚೆ ಕೊಟ್ಟು ಕಳಿಸಿದ್ವಲ್ಲೋ ಹಾಲೇಶ” ಎಂದ ರುದ್ರಣ್ಣ. “ಹೋಗಲಿ, ಅಲ್ಲಿ ಮುಖನಾದ್ರೂ ನೋಡ್ತಾರೆ. ಇಲ್ಲಿ?”

“ಇಲ್ಲಿ ಪರೀಕ್ಷೆ” ಎಂದ ಪ್ರಜ್ವಲ್. “200 ಪ್ರಶ್ನೆ, ಮೂರೂವರೆ ಗಂಟೆ. ಸರಿ ಆದ್ರೆ ನಾಲ್ಕು ಮಾರ್ಕು, ತಪ್ಪಾದ್ರೆ ಒಂದು ಕಟ್. ಆಮೇಲೆ ರ‍್ಯಾಂಕು ಮಾತಾಡುತ್ತೆ.”

“ನೋಡದೇನೇ ತಾಳಿ ಅನ್ನು.”

ತಿಪ್ಪೇಸ್ವಾಮಿಗೆ ಇದು ಯಾವುದೂ ಬೇಡ. “ಆರ್ಥೋ ಮುಗಿಸೋಕೆ ಎಷ್ಟು ವರ್ಷನಪ್ಪ?”

“ಎಂ.ಎಸ್. ಮೂರು ವರ್ಷ ಮಾಮ. ಸೂಪರ್ ಸ್ಪೆಷಾಲಿಟಿ ಅಂತ ಹೋದ್ರೆ ಇನ್ನೂ ಮೂರು.”

ತಿಪ್ಪೇಸ್ವಾಮಿ ಬೆರಳು ಮಡಚಿದ. ಮೂರು, ಆರು. ಮೇಷ್ಟ್ರೂ ತಮ್ಮ ಎಪ್ಪತ್ನಾಲ್ಕಕ್ಕೆ ಆರು ಕೂಡಿಸಿದರು ಎಂದು ಕಾಣುತ್ತದೆ, ತುಟಿ ಅಲ್ಲಾಡಿತು. ಹಾಲೇಶ ಮಂಡಕ್ಕಿಯಲ್ಲಿ ಕಡಲೆ ಬೀಜ ಹುಡುಕುತ್ತಾ ಕೂತ. ಸ್ವಲ್ಪ ಹೊತ್ತು ಗಂಗಕ್ಕನ ಬಾಣಲೆ ಒಂದೇ ಮಾತಾಡಿತು.

“ನಮ್ಮದು ಬಿಡು” ಎಂದ ರುದ್ರಣ್ಣ. “ನಿನಗೆ ಏನು ಬೇಕೋ ತಮ್ಮ?”

ಪ್ರಜ್ವಲ್ ಶೀಟು ಕೆಳಗೆ ಎಳೆದ. 89ನೇ ಸಾಲು, ಹಳದಿ. ಪೀಡಿಯಾಟ್ರಿಕ್ಸ್.

“ಇಂಟರ್ನ್‌ಶಿಪ್ಪಲ್ಲಿ ಒಂದಿನ ರಾತ್ರಿ ಫಿಟ್ಸ್ ಬಂದಿರೋ ಪಾಪೂನ ಕರ್ಕೊಂಡು ಬಂದಿದ್ರು. ಬೆಳಗ್ಗೆ ತನಕ ಪಕ್ಕದಲ್ಲೇ ನಿಂತಿದ್ದೆ. ಎದ್ದವನೇ ನನ್ನ ಸ್ಟೆತಸ್ಕೋಪ್ ಹಿಡ್ಕೊಂಡ. ಬಿಡಿಸ್ಕೊಳ್ಳೋಕೆ ಅವರಮ್ಮ ಬರಬೇಕಾಯ್ತು.” ಆಮೇಲೆ ನಾಚಿಕೊಂಡು, “ನೈಟ್ ಡ್ಯೂಟಿ ಜಾಸ್ತಿ ಅದರಲ್ಲಿ” ಎಂದ.

“ಮಕ್ಕಳ ಡಾಕ್ಟ್ರು” ಎಂದ ರುದ್ರಣ್ಣ. “ಇಲ್ಲಿ ಕೂತಿರೋ ಒಬ್ಬರಿಗೂ ಉಪಯೋಗ ಇಲ್ಲ. ಮೇಲೆ ತಗೋ ಅದನ್ನ.”

“ಅರವತ್ತಕ್ಕೆ ಅರಳು ಮರಳು ಅಂತಾರಲ್ಲಪ್ಪ. ನಾವೂ ಮಕ್ಕಳ ಲೆಕ್ಕಕ್ಕೆ ಬರಲ್ವಾ?” ಎಂದು ತಿಪ್ಪೇಸ್ವಾಮಿ ಕೊನೆಯದಾಗಿ ಚೌಕಾಸಿ ಮಾಡಿ ನೋಡಿದ.

“ಹದಿನೆಂಟರ ತನಕ ಅಷ್ಟೇ ಮಾಮ.”

ಪ್ರಜ್ವಲ್ ಅಂಗಿಯ ತುದಿಯಿಂದ ಎಣ್ಣೆ ಒರೆಸಿ 89ನೇ ಸಾಲನ್ನು ಒಂದೊಂದೇ ಮೆಟ್ಟಿಲು ಮೇಲಕ್ಕೆ ಹತ್ತಿಸತೊಡಗಿದ. ಹಾಲೇಶ ಏನೋ ಹೇಳಲು ಹೋಗಿ, ಮಿರ್ಚಿ ಬಾಯಿಗಿಟ್ಟುಕೊಂಡ.

ತಿಪ್ಪೇಸ್ವಾಮಿ ಬೆಂಚು ಹಿಡಿದು ಎದ್ದ. ಮಂಡಿ ಲಟಕ್ ಎಂದಿತು. ಎಲ್ಲರಿಗೂ ಕೇಳಿಸಿತು. ಯಾರೂ ಆರ್ಥೋ ಅನ್ನಲಿಲ್ಲ.