ಶುಗರ್, ಬಿ.ಪಿ. ಇರುವವರ ದಿನಚರಿಯ ಮೇಲೆ ನರ್ಸಿಂಗ್ ಸಂಶೋಧನೆ: ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ, ಸಮುದಾಯ ಆರೋಗ್ಯ ವಿಭಾಗ. ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಕೊಡುವ ಸಮಯ ಬಂದಿದೆ. ನಮ್ಮ ಸೀನಿಯರ್‌ಗಳಲ್ಲಿ ಹೆಚ್ಚಿನವರು ಮಾಡಿದ್ದು ಒಂದೇ ಥರ. ಮಧುಮೇಹದ ಬಗ್ಗೆ ಪ್ರೀ-ಟೆಸ್ಟ್, ಒಂದು ಪಾಠ, ಏಳು ದಿನ ಬಿಟ್ಟು ಪೋಸ್ಟ್-ಟೆಸ್ಟ್. ನನಗೆ ಶುಗರ್, ಬಿ.ಪಿ. ಎರಡೂ ಇರುವವರು ಮನೆಯಲ್ಲಿ ದಿನ ಹೇಗೆ ಕಳೆಯುತ್ತಾರೆ ಅನ್ನುವುದನ್ನು ನೋಡುವ ಆಸೆ. ಗೈಡ್ ಮೇಡಂ ಬೇಡ ಅಂದಿಲ್ಲ. "ಅದನ್ನ ಅಳೆಯೋದು ಹೇಗಮ್ಮ?" ಅಂತ ಕೇಳಿದ್ದಾರೆ. ಹಳ್ಳಿಯಲ್ಲಿ ಕೆಲಸ ಮಾಡಿದವರು, ಇಂಥ ಅಧ್ಯಯನ ಮಾಡಿಸಿದವರು ದಯವಿಟ್ಟು ತಿಳಿಸಿ.

ನರ್ಸಿಂಗ್ ಉಪನ್ಯಾಸಕಿ, ಮೈಸೂರು ಕಡೆ

ಖಂಡಿತ ಮಾಡಿ. ಪಾಠ ಮಾಡಿ ವಾರದ ನಂತರ ಅದೇ ಪ್ರಶ್ನೆ ಕೇಳಿದರೆ ಅಂಕ ಏರಿಯೇ ಏರುತ್ತದೆ. ಅದರಿಂದ ಆ ಮನೆಯ ಅಡುಗೆ ಬದಲಾಯಿತಾ, ಮಾತ್ರೆ ಹೊತ್ತಿಗೆ ಸರಿಯಾಗಿ ಹೋಯಿತಾ ಅಂತ ಗೊತ್ತಾಗುವುದಿಲ್ಲ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹೇಳುವುದು ಹಿಂದಿನ ಎರಡು-ಮೂರು ತಿಂಗಳ ಶುಗರ್‌ನ ಸರಾಸರಿ. ಏಳು ದಿನದ ಅಧ್ಯಯನಕ್ಕೆ ಅದೂ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ಸರಿಯಾದ ಜಾಗದಲ್ಲೇ ಇದೆ.

ಇದಕ್ಕೆ ಗಟ್ಟಿ ತಳಹದಿ ನಮ್ಮ ಕ್ಷೇತ್ರದಲ್ಲೇ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಜೂಲಿಯೆಟ್ ಕಾರ್ಬಿನ್ ಎಂಬ ನರ್ಸ್, ಸಮಾಜಶಾಸ್ತ್ರಜ್ಞ ಆನ್ಸೆಲ್ಮ್ ಸ್ಟ್ರಾಸ್ ಜೊತೆ ಸೇರಿ, ದೀರ್ಘ ಕಾಯಿಲೆ ಇರುವ ದಂಪತಿಗಳನ್ನು ಮಾತಾಡಿಸಿದರು. ಕಾಯಿಲೆ ಇರುವವರು ಮನೆಯಲ್ಲಿ ಮೂರು ಥರದ ಕೆಲಸ ಮಾಡುತ್ತಿರುತ್ತಾರೆ ಅಂದರು. ಕಾಯಿಲೆಯ ಕೆಲಸ ಒಂದು: ಮಾತ್ರೆ, ಸೂಜಿ, ಪರೀಕ್ಷೆ. ಎರಡನೆಯದು ದಿನದ ಬದುಕಿನ ಕೆಲಸ: ಮನೆ, ಹೊಲ, ಮಕ್ಕಳು. ಮೂರನೆಯದು, ನಾನು ಇನ್ನು ಎಂಥ ಮನುಷ್ಯ ಅಂತ ತನಗೆ ತಾನೇ ಹೊಂದಿಸಿಕೊಳ್ಳುವ ಕೆಲಸ. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಕೇಟ್ ಲೋರಿಗ್, ಅವರೂ ನರ್ಸೇ, ಕಾಯಿಲೆ ಇರುವವರೇ ಮುಂದೆ ನಿಂತು ನಡೆಸುವ ಆರು ವಾರದ ತರಬೇತಿ ರೂಪಿಸಿದರು. ಅದರ ಹಿಂದೆಯೂ ಇದೇ ಮೂರು ಕೆಲಸಗಳ ಯೋಚನೆ ಇದೆ.

ನಾವು ಓಪಿಡಿಯಲ್ಲಿ ಮೊದಲನೆಯದನ್ನಷ್ಟೇ ಕೇಳುತ್ತೇವೆ, ಅಲ್ವಾ? ಮೂರನೆಯದು ನಮ್ಮ ಕಡೆ ಎದ್ದು ಕಾಣುತ್ತದೆ. ಹೋಳಿಗೆ ಮಾಡುವುದರಲ್ಲಿ ಇಡೀ ಬೀದಿಗೇ ಹೆಸರಾದ ಹೆಂಗಸು. ಯುಗಾದಿಯ ದಿನ ಬೆಳಗ್ಗೆಯಿಂದ ತಟ್ಟಿ, ಬೇಯಿಸಿ, ತುಪ್ಪ ಹಾಕಿ ಎಲ್ಲರಿಗೂ ಬಡಿಸುತ್ತಾರೆ. ಕೊನೆಗೆ ತಾವು ಅನ್ನ-ಸಾರು ಉಂಡು ಏಳುತ್ತಾರೆ. "ಒಂದು ತಿನ್ನಿ, ಏನಾಗಲ್ಲ" ಅಂತ ಒಬ್ಬರು, "ನಿಂಗೆ ಶುಗರ್ ಅಲ್ವಾ?" ಅಂತ ಇನ್ನೊಬ್ಬರು. ಎರಡು ಮಾತಿಗೂ ನಕ್ಕು ಸುಮ್ಮನಾಗಬೇಕು. ಈ ಭಾರ ಯಾವ ಲ್ಯಾಬ್ ರಿಪೋರ್ಟಿನಲ್ಲೂ ಬರುವುದಿಲ್ಲ. ನರ್ಸ್ ಕೇಳಿದರೆ ಬರುತ್ತದೆ.

ಅಳೆಯುವ ಬಗ್ಗೆ ಹೇಳುತ್ತೇನೆ. ಮಧುಮೇಹದ ಸ್ವಆರೈಕೆ ಅಳೆಯಲು ಎಸ್‌ಡಿಎಸ್‌ಸಿಎ ಎಂಬ ಪ್ರಶ್ನಾವಳಿ ಇದೆ. ಕಳೆದ ಏಳು ದಿನದಲ್ಲಿ ಎಷ್ಟು ದಿನ ಪಥ್ಯ ಮಾಡಿದಿರಿ, ಎಷ್ಟು ದಿನ ಪಾದ ನೋಡಿಕೊಂಡಿರಿ ಅಂತ ಕೇಳುತ್ತದೆ. ಮನಸ್ಸಿನ ಭಾರಕ್ಕೆ ಪೇಯ್ಡ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಇವುಗಳಲ್ಲಿ ಒಂದನ್ನು ನೂರು ಜನರಿಗೆ ಕೊಡಿ, ಅವರಲ್ಲೇ ಹತ್ತು-ಹನ್ನೆರಡು ಜನರ ಜೊತೆ ಮನೆಯಲ್ಲಿ ಕೂತು ದೀರ್ಘವಾಗಿ ಮಾತಾಡಿ. ಗೈಡ್ ಮೇಡಂಗೆ ಅಂಕಿಯೂ ಸಿಗುತ್ತದೆ, ನಿಮಗೆ ಬೇಕಾದ ಬದುಕೂ ಸಿಗುತ್ತದೆ. ಪಟ್ಟಿ ಬಳಸಲು ಅನುಮತಿ ಈಗಲೇ ಕೇಳಿ. ಮಾತ್ರೆ ತಪ್ಪದೆ ತೆಗೆದುಕೊಳ್ಳುವುದನ್ನು ಅಳೆಯುವ ಮೊರಿಸ್ಕಿ ಪಟ್ಟಿಗಂತೂ ಪರವಾನಗಿ ಇಲ್ಲದೆ ಕೈ ಹಾಕಬೇಡಿ.

ಹಿನ್ನೆಲೆ ಬರೆಯಲು ಐಸಿಎಂಆರ್-ಇಂಡಿಯಾಬ್ ಎಂಬ ರಾಷ್ಟ್ರಮಟ್ಟದ ಸಮೀಕ್ಷೆ ಸಾಕು. 2023ರಲ್ಲಿ ಪ್ರಕಟವಾದ ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, 31.5 ಕೋಟಿ ಜನರಿಗೆ ಬಿ.ಪಿ. ಇದೆ.

ಸಮುದಾಯ ಆರೋಗ್ಯ ಅಧಿಕಾರಿ, ಕೊಪ್ಪಳ ಜಿಲ್ಲೆ

ಮೇಡಂ ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ಯೂನಿಫಾರ್ಮ್ ಹಾಕಿಕೊಂಡು ಹೋಗಿ "ಗುಳಿಗಿ ದಿನಾ ತಗೋತೀರೇನ್ರಿ?" ಅಂತ ಕೇಳಿದರೆ ಊರಿಗೆ ಊರೇ "ಹೂನ್ರಿ" ಅನ್ನುತ್ತದೆ. ಸಿಸ್ಟರ್‌ಗೆ ಬೇಜಾರಾಗಬಾರದು ಅನ್ನುವ ಒಳ್ಳೆಯ ಮನಸ್ಸು ಅದು, ಸುಳ್ಳು ಹೇಳುವ ಉದ್ದೇಶ ಅಲ್ಲ.

ನಾನು ಕೇಳುವ ರೀತಿ ಬೇರೆ. "ಯವ್ವಾ, ಗುಳಿಗಿ ಚೀಲ ಸ್ವಲ್ಪ ತೋರಸ್ರಿ" ಅನ್ನುತ್ತೇನೆ. ಒಳಗಿಂದ ಪ್ಲಾಸ್ಟಿಕ್ ಕವರ್ ಬರುತ್ತದೆ. ನೆಲದ ಮೇಲೆ ಸುರಿದರೆ ಎಲ್ಲಾ ಕಥೆ ಅಲ್ಲೇ ಇರುತ್ತದೆ. ಪಿಎಚ್‌ಸಿಯಲ್ಲಿ ಕೊಟ್ಟ ಶುಗರ್ ಮಾತ್ರೆ ಮೆಟ್ಫಾರ್ಮಿನ್, ಖಾಸಗಿ ಡಾಕ್ಟರ್ ಬರೆದ ಇನ್ನೊಂದು ಹೆಸರಿನ ಅದೇ ಮೆಟ್ಫಾರ್ಮಿನ್. ಅರ್ಧ ಖಾಲಿಯಾದ ಬಿ.ಪಿ. ಮಾತ್ರೆ. ತಲೆ ತಿರುಗಿದ ದಿನ ಮಾತ್ರ ಅದನ್ನು ನುಂಗುತ್ತಾರೆ. ಜೊತೆಗೆ ಮೊಣಕಾಲು ನೋವಿನ ಮಾತ್ರೆ, ಅದಕ್ಕೆ ಚೀಟಿಯೇ ಇಲ್ಲ, ಮೆಡಿಕಲ್ ಶಾಪಿನಿಂದ ತಂದದ್ದು. ಒಂದೊಂದೇ ಶೀಟ್ ಕೈಗೆ ಕೊಟ್ಟು "ಇದು ಯಾವಾಗ?" ಅಂತ ಕೇಳುತ್ತಾ ಹೋದರೆ ಅವರೇ ಎಲ್ಲಾ ಹೇಳುತ್ತಾರೆ. ಒಂದಕ್ಕಿಂತ ಜಾಸ್ತಿ ಕಾಯಿಲೆ ಇರುವವರ ಅಧ್ಯಯನಕ್ಕೆ ಈ ಚೀಲಕ್ಕಿಂತ ಒಳ್ಳೆಯ ಸಾಧನ ನಾನು ನೋಡಿಲ್ಲ. ನಿಮ್ಮ ಪ್ರಶ್ನಾವಳಿಯಲ್ಲಿ ಇದಕ್ಕೊಂದು ಪುಟ ಇಡಿ.

ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಮಾತಿಗಿಂತ ಮಾಡುವುದನ್ನು ನೋಡಿ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಎಂ.ಎಲ್.ಗೆ 100 ಯೂನಿಟ್. ಪೆನ್ ಕೆಟ್ಟಿತು ಅಂತ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡರೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ. ಹೊಟ್ಟೆ ಮುಟ್ಟಿ ನೋಡಲು ಒಪ್ಪಿಗೆ ಕೇಳಿ. ದಿನಾ ಒಂದೇ ಜಾಗಕ್ಕೆ ಚುಚ್ಚಿ ಗಂಟು ಕಟ್ಟಿರುತ್ತದೆ. ಅಲ್ಲಿ ಹಾಕಿದ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ, ಶುಗರ್ ಏರಿಳಿಯುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಬಾಟಲಿ ಎಲ್ಲಿದೆ ಅಂತಲೂ ಕೇಳಿ. ಏಪ್ರಿಲ್ ಬಿಸಿಲಿಗೆ ನಮ್ಮ ಕಡೆ ತಗಡಿನ ಮನೆ ಒಳಗೆ ಕೂರಲಿಕ್ಕೂ ಆಗುವುದಿಲ್ಲ.

ಮಾಹಿತಿ ಸಂಗ್ರಹಕ್ಕೆ ಬಿತ್ತನೆ ದಿನ ಬೇಡ, ಯಾರೂ ಮನೆಯಲ್ಲಿ ಸಿಗುವುದಿಲ್ಲ. ಆಶಾ ಕಾರ್ಯಕರ್ತೆಯ ಜೊತೆ ಹೋಗಿ, ಆದರೆ ಪರಿಚಯ ಮಾಡಿಸಿದ ಮೇಲೆ ಅವರನ್ನು ಪಕ್ಕದ ಮನೆಗೆ ಕಳಿಸಿ. ಸೊಸೆ, ಅತ್ತೆ ಇಬ್ಬರೂ ಒಟ್ಟಿಗೆ ಕೂತಿದ್ದರೆ ಊಟದ ಬಗ್ಗೆ ನಿಜ ಹೊರಗೆ ಬರುವುದಿಲ್ಲ.

ಶುಗರ್ ಇರುವ ತಾಯಿಯ ಮಗ, ತುಮಕೂರು

ನಾನು ಈ ಕ್ಷೇತ್ರದವನಲ್ಲ. ಒಂದೇ ಕೋರಿಕೆ: ಜೊತೆಗಿರುವವರನ್ನೂ ಕೇಳಿ ಸಿಸ್ಟರ್. ಅಮ್ಮನಿಗೆ ಒಂದು ರಾತ್ರಿ ಲೋ ಶುಗರ್ ಆಗಿ ಬೆವರಿ ಮಾತು ತೊದಲಿತು. ಅಲ್ಲಿಂದ ಅವರಿಗೆ ಶುಗರ್ ಏರುವ ಭಯಕ್ಕಿಂತ ಇಳಿಯುವ ಭಯ ಜಾಸ್ತಿ. ಮಲಗುವ ಮೊದಲು ಬೇಕಂತಲೇ ಎರಡು ಬಾಳೆಹಣ್ಣು ತಿನ್ನುತ್ತಾರೆ. ಬೆಳಗ್ಗೆ ರೀಡಿಂಗ್ ಜಾಸ್ತಿ ಬರುತ್ತದೆ. ಡಾಕ್ಟರ್ "ಪಥ್ಯ ಮಾಡ್ತಿಲ್ಲ" ಅಂತ ಗದರುತ್ತಾರೆ, ಅಮ್ಮ ತಲೆ ತಗ್ಗಿಸಿ ಕೂರುತ್ತಾರೆ. ಯಾಕೆ ತಿಂದಿರಿ ಅಂತ ಯಾರೂ ಕೇಳಲಿಲ್ಲ. ನನಗೂ ಅಮ್ಮ ಇದನ್ನು ಹೇಳಿದ್ದು ಎಷ್ಟೋ ದಿನದ ಮೇಲೆ. ನಿಮ್ಮಂಥವರು ಕೇಳಿ ಬರೆದಿಟ್ಟರೆ ಡಾಕ್ಟರ್‌ಗಳಿಗೂ ಗೊತ್ತಾಗುತ್ತದೆ.

ಉಪನ್ಯಾಸಕಿ, ಮತ್ತೆ

ತುಮಕೂರಿನವರು ಹೇಳಿದ್ದನ್ನು ನಿಮ್ಮ ಸಂದರ್ಶನದ ಮೊದಲ ಪ್ರಶ್ನೆಗಳಲ್ಲೇ ಸೇರಿಸಿ. "ಶುಗರ್ ಇಳಿದು ಹೆದರಿದ್ದು ಉಂಟಾ? ಆಮೇಲೆ ಏನು ಬದಲಾಯಿಸಿದಿರಿ?" ಇಷ್ಟು ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ. ಮಾತಾಡುವಾಗ ಮಧ್ಯೆ ತಿದ್ದಬೇಡಿ. ಬಾಳೆಹಣ್ಣಿನ ಬಗ್ಗೆ ಬುದ್ಧಿ ಹೇಳಲು ಹೊರಟರೆ ಅವರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ. ಸಲಹೆ ಏನಿದ್ದರೂ ರೆಕಾರ್ಡರ್ ಆರಿಸಿದ ಮೇಲೆ.

ಎಥಿಕ್ಸ್ ಕಮಿಟಿ ಇದನ್ನೇ ಕೇಳುತ್ತದೆ: ಮನೆಗೆ ಹೋದಾಗ ಪಾದದಲ್ಲಿ ಹುಣ್ಣು ಕಂಡರೆ, ಎದುರಿಗೇ ಲೋ ಶುಗರ್ ಆದರೆ ಏನು ಮಾಡುತ್ತೀರಿ? ಉತ್ತರ ಸಿನಾಪ್ಸಿಸ್‌ನಲ್ಲೇ ಇರಲಿ. ಶುಗರ್ 70ಕ್ಕಿಂತ ಕೆಳಗಿದ್ದು ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಹುಣ್ಣಿಗೆ ಯಾವ ಆಸ್ಪತ್ರೆ, ಯಾರ ಹತ್ತಿರ ಕಳಿಸುತ್ತೀರಿ ಅನ್ನುವುದನ್ನು ಆ ಊರಿನ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ.

ಪ್ರಶ್ನೆಗಳ ಕರಡು ಆದಾಗ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.