ಸಹಾಯ ಬೇಕು: ಒಂದನೇ ಗೇರ್‌ನಿಂದ ಸೀದಾ ನಾಲ್ಕಕ್ಕೆ ತಳ್ಳುವುದನ್ನು ನಿಲ್ಲಿಸುವುದು ಹೇಗೆ?

ನನ್ನದು 6 ಗೇರ್‌ನ ಮ್ಯಾನುಯಲ್ ಸ್ಪೋರ್ಟ್ಸ್ ಕಾರು. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ಗಂಟೆಗೆ 25–30 ಕಿ.ಮೀ. ವೇಗದಲ್ಲಿ ಒಂದರಿಂದ ಎರಡಕ್ಕೆ ಹಾಕಲು ಹೋದರೆ ಲಿವರ್ ಸೀದಾ ನಾಲ್ಕಕ್ಕೆ ಹೋಗುತ್ತದೆ. ಪೆಟ್ರೋಲ್ ಉಳಿಸಲು ಗೇರ್‌ಬಾಕ್ಸ್‌ನ ಸೊಲೆನಾಯ್ಡ್ (ಕರೆಂಟ್‌ನಿಂದ ಕೆಲಸ ಮಾಡುವ ಲಾಕ್) ಎರಡಕ್ಕೆ ಹೋಗದಂತೆ ಹೀಗೆ ತಡೆಯುತ್ತದೆ, ಅದು ಗೊತ್ತು. ಆದರೆ ಹಿಂದೆ ಗಾಡಿಗಳಿರುವಾಗ ಎಂಜಿನ್ ತಿಣುಕುತ್ತದೆ, ಕಾರು ಎಳೆಯುವುದೇ ಇಲ್ಲ, ನಿಜಕ್ಕೂ ಭಯವಾಗುತ್ತದೆ. ಜಾಸ್ತಿ ಒತ್ತಿದರೆ ಎರಡಕ್ಕೇ ಬೀಳುತ್ತದೆ, ಪ್ರತಿ ಸಲ ಸುಮ್ನೆ ಹಾಗೆ ಓಡಿಸಲು ಆಗುವುದಿಲ್ಲ ಅಲ್ವಾ?

ಸೊಲೆನಾಯ್ಡ್ ವೈರ್ ಬರೀ ಕಿತ್ತರೆ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಅದರ ಬದಲು, ಸೊಲೆನಾಯ್ಡ್ ಇನ್ನೂ ಇದೆ ಅಂತ ಕಾರಿನ ಕಂಪ್ಯೂಟರ್ ಅಂದುಕೊಳ್ಳುವಂತೆ ರೆಸಿಸ್ಟರ್ ಇರುವ ಪ್ಲಗ್ ಹಾಕಿದವರು ಇದ್ದೀರಾ? ಇಲ್ಲಾ ಇಸಿಯು (ಎಂಜಿನ್ ನಿಯಂತ್ರಿಸುವ ಆ ಕಂಪ್ಯೂಟರ್) ಟ್ಯೂನ್‌ನಲ್ಲೇ, ಅಂದರೆ ಅದರ ಸಾಫ್ಟ್‌ವೇರ್ ಬದಲಿಸಿ, ಆಫ್ ಮಾಡಿಸುವುದು ಒಳ್ಳೆಯದಾ? ತಪ್ಪಿ ರಿವರ್ಸ್‌ಗೆ ಬೀಳದಂತೆ ತಡೆಯುವ ರಿವರ್ಸ್ ಲಾಕ್‌ಗೂ ಒಂದು ಸೊಲೆನಾಯ್ಡ್ ಇದೆ, ಎರಡನ್ನೂ ಗುರುತಿಸುವುದು ಹೇಗೆ ಅಂತ ದಯವಿಟ್ಟು ಹೇಳಿ.